ಜಟಾಯುವಿಗೊಂದು ಚಲಚ್ಚಿತ್ರ

ಬೇಸಗೆಯ ರಜೆಗೆಂದು ನಮ್ಮ ಚಳ್ಳಕೆರೆಗೆ ಬಂದಿದ್ದ ಮೊಮ್ಮಗನು ಬ್ಯಾಟ್‌ಮನ್ ಎಂಬ ವೀರನ ಚಿತ್ರವೊಂದನ್ನು ನೋಡಿ ಮುಗಿಸಿ, ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತನು. ಆ ವೀರನಿಗೆ ರಾಬಿನ್ ಎಂಬ ಜೊತೆಗಾರನುಂಟಂತೆ. 1940ರಿಂದಲೂ ಚಿತ್ರಕಥೆಗಳಲ್ಲಿ ಅವನ ಹಿಂದೆಯೇ ಓಡಾಡುತ್ತಿರುವನಂತೆ. “ಪಾಪ ತಾತ, ಯಾವಾಗಲೂ ಹಿಂದೇನೇ ಇರ್ತಾನೆ. ಅವನೊಬ್ಬನದೇ ಕಥೆ ಮಾಡಬೇಕು. ನೀವು ಸಿನಿಮಾ ತೆಗೆದರೆ ಯಾರದು ತೆಗೀತೀರಿ?” ಎಂದು ಕೇಳಿದನು.

ಹುಡುಗನ ಪ್ರಶ್ನೆಯೆಂದು ನಗುವ ಹಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರವು 1934ರಲ್ಲಿ ತೆರೆಗೆ ಬಂದಾಗ ಅದರ ಹೆಸರು ‘ಸತಿ ಸುಲೋಚನಾ’ ಎಂದಿತ್ತು. ರಾಮನೂ ಅಲ್ಲ, ರಾವಣನೂ ಅಲ್ಲ. ಇಂದ್ರಜಿತುವಿನ ಮಡದಿಯ ಕಥೆ. ದೊಡ್ಡವರ ನೆರಳಿನಲ್ಲಿ ನಿಂತವರನ್ನು ಬೆಳಕಿಗೆ ಕರೆದುಕೊಂಡೇ ನಮ್ಮ ಚಿತ್ರಕಲೆಯು ಮಾತನಾಡಲು ಕಲಿಯಿತೆಂದರೆ ತಪ್ಪಾಗಲಾರದು. ಆದುದರಿಂದ ನಾನು, “ಜಟಾಯುವಿನದು” ಎಂದೆನು. ಮರುದಿನವೇ ಅವನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮೂರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಹೊರಟೆನು.

ರೆಕ್ಕೆ ಕಡಿದ ಜಟಾಯುವು ಬಿದ್ದುದು ಈ ಬೆಟ್ಟದ ಮೇಲೆಯೇ ಎಂದು ನಮ್ಮ ಕಡೆಯ ಜನರ ನಂಬಿಕೆ. ಲೇಪಾಕ್ಷಿಯವರು ತಮ್ಮಲ್ಲಿಯೇ ಎನ್ನುತ್ತಾರೆ. ಕೇರಳದ ಚಡಯಮಂಗಲದವರು ತಮ್ಮಲ್ಲಿಯೇ ಎಂದು ಹೇಳಿ, 200 ಅಡಿ ಉದ್ದದ ಜಟಾಯುವಿನ ಪ್ರತಿಮೆಯನ್ನು ಬಂಡೆಯ ಮೇಲೆ ಮಾಡಿ, 2018ರಲ್ಲಿ ಜನರ ದರ್ಶನಕ್ಕೆ ತೆರೆದಿದ್ದಾರೆ. ವಾಲ್ಮೀಕಿಗಳ ಕಥೆ ನಡೆಯುವುದೋ ಗೋದಾವರಿಯ ಸೀಮೆಯಲ್ಲಿ. ಈ ವ್ಯಾಜ್ಯವನ್ನು ತೀರಿಸುವುದು ನಮಗೇಕೆ? ಸೋತು ಬಿದ್ದ ಒಂದು ಹಕ್ಕಿಯನ್ನು ಇಷ್ಟು ಊರುಗಳು ‘ನಮ್ಮವನು’ ಎನ್ನುತ್ತಿರುವುದೇ ದೊಡ್ಡ ಸಂಗತಿ.

ಬೆಟ್ಟವನ್ನೇರುತ್ತ ನಮ್ಮ ಚಿತ್ರದ ದೃಶ್ಯಗಳನ್ನು ಹೊಂದಿಸಿಕೊಂಡೆವು. ಮೊದಲನೆಯದು ಬಾಲ್ಯ. ಸಂಪಾತಿ, ಜಟಾಯು ಎಂಬ ಅಣ್ಣ ತಮ್ಮಂದಿರು ಪಂತವಾಡಿ ಸೂರ್ಯನತ್ತ ಹಾರುತ್ತಾರೆ. ತಮ್ಮನು ಬಿಸಿಲಿಗೆ ಬಳಲಿದಾಗ ಅಣ್ಣನು ತನ್ನ ರೆಕ್ಕೆಗಳನ್ನು ಅವನ ಮೇಲೆ ಹರಡಿ, ತಾನು ಸುಟ್ಟುಕೊಂಡು ವಿಂಧ್ಯದ ಮೇಲೆ ಬೀಳುತ್ತಾನೆ. ತನಗಾಗಿ ಒಬ್ಬನು ಬೆಂದನೆಂಬುದನ್ನು ಕಂಡ ಜೀವವು ಮುಂದೆ ಇನ್ನೊಬ್ಬರ ಕೂಗನ್ನು ಕೇಳಿ ಸುಮ್ಮನಿರಬಲ್ಲುದೆ?

ಎರಡನೆಯದು ಯುದ್ಧ. ಮರದ ಮೇಲೆ ತೂಕಡಿಸುತ್ತಿದ್ದ ಮುದುಕನು ಸೀತೆಯ ಕೂಗಿಗೆ ಎಚ್ಚರಗೊಳ್ಳುತ್ತಾನೆ. ಮೊದಲು ಕಾದಾಟವಿಲ್ಲ, ರಾವಣನಿಗೆ ನೀತಿಯನ್ನು ಹೇಳುತ್ತಾನೆ. ತನಗೆ ಅರವತ್ತು ಸಾವಿರ ವರ್ಷ ವಯಸ್ಸಾಗಿದೆ, ನೀನು ತರುಣ, ರಥ ಕವಚಗಳುಳ್ಳವನು, ಆದರೂ ಬಿಡಲಾರೆನು ಎನ್ನುತ್ತಾನೆ. ಆಮೇಲೆ ಬಿಲ್ಲು ಮುರಿಯಿತು, ರಥ ಒಡೆಯಿತು, ಸಾರಥಿ ಸತ್ತನು. ಕಡೆಗೆ ಖಡ್ಗವು ರೆಕ್ಕೆಗಳನ್ನು ಕತ್ತರಿಸಿತು. “ಹಾಗಾದರೆ ಸೋತನಲ್ಲ?” ಎಂದು ಹುಡುಗನು ಮುಖ ಸಪ್ಪೆ ಮಾಡಿದನು.

ಸೋತ ಮೇಲೆಯೇ ಚಿತ್ರದ ಪ್ರಾಣವಿರುವುದು. ರಾಮನು ಬಂದು, ರಕ್ತಮಯನಾಗಿ ಬಿದ್ದವನನ್ನು ಕಂಡು, ಸೀತೆಯನ್ನು ತಿಂದವನು ಇವನೇ ಎಂದು ಬಾಣವನ್ನು ಹೂಡುತ್ತಾನೆ! ಯಾರಿಗಾಗಿ ಪ್ರಾಣ ಕೊಡುತ್ತಿದ್ದನೋ ಅವನಿಂದಲೇ ಕಳ್ಳನೆನಿಸಿಕೊಂಡನು. ಆದರೂ ಮುನಿಯದೆ, ರಾವಣನ ಹೆಸರನ್ನೂ ಹೋದ ದಿಕ್ಕನ್ನೂ ತಿಳಿಸಿ, ಮಾತು ಮುಗಿಯುವ ಮೊದಲೇ ಕಣ್ಣು ಮುಚ್ಚಿದನು. ರಾಮನು ಮಗನಂತೆ ಅವನಿಗೆ ಸಂಸ್ಕಾರ ಮಾಡಿದನು. ಗೆದ್ದುದಕ್ಕಲ್ಲ, ಅಡ್ಡ ನಿಂತುದಕ್ಕೆ.

ಇನ್ನೊಂದು ದೃಶ್ಯವನ್ನು ಬಿಡಕೂಡದು. ಸಂಪಾತಿಯ ಮಗ ಸುಪಾರ್ಶ್ವನೂ ರಾವಣನನ್ನು ದಾರಿಯಲ್ಲಿ ಕಂಡಿದ್ದನು. ಅವನು ಹರೆಯದವನು, ಬಲಶಾಲಿ. ರಾವಣನು ವಿನಯದಿಂದ ದಾರಿ ಕೇಳಿದನು. ಇವನು ಸರಿದು ದಾರಿ ಬಿಟ್ಟನು. ತಂದೆಯು ಆಮೇಲೆ ಅವನನ್ನು ಬೈದನು. ಮುದುಕನು ಅಡ್ಡ ನಿಂತನು, ತರುಣನು ಸರಿದು ನಿಂತನು. ಎರಡನ್ನೂ ಒಂದರ ಪಕ್ಕದಲ್ಲೊಂದು ತೋರಿಸಿದರೆ ಉಪದೇಶದ ಮಾತೇ ಬೇಕಾಗಿಲ್ಲ.

ಬೆಟ್ಟದ ತುದಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವ ಬಂಡೆಯುಂಟು. ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳೊಂದಿಗೆ ರೈಸ್ ಸಾಹೇಬರು 1892ರಲ್ಲಿ ಇದನ್ನು ಬೆಳಕಿಗೆ ತಂದರು. ಬರೆದ ಲಿಪಿಕಾರ ಚಪಡನು ಚಕ್ರವರ್ತಿಯ ಮಾತಿನ ಕೊನೆಯಲ್ಲಿ ತನ್ನ ಹೆಸರನ್ನೂ ಇಟ್ಟಿದ್ದಾನೆ. ಅದನ್ನು ಹೇಳಿ, ಜೊತೆಗಾರರಿಗೆ ಈ ಸೀಮೆಯು ಎಂದೂ ಅನ್ಯಾಯ ಮಾಡಿಲ್ಲವೆಂದು ಹೆಮ್ಮೆಪಡುತ್ತಿರುವಾಗ ಹುಡುಗನು ಆಕಾಶವನ್ನು ನೋಡುತ್ತ, “ತಾತ, ರಣಹದ್ದು ಎಲ್ಲಿದೆ? ನಾನು ಒಂದನ್ನೂ ನೋಡಿಲ್ಲ” ಎಂದನು.

ನನಗೆ ಮಾತು ಹೊರಡಲಿಲ್ಲ. ನನ್ನ ಬಾಲ್ಯದಲ್ಲಿ ಊರಾಚೆ ಸತ್ತ ದನವನ್ನು ಎಳೆದು ಹಾಕಿದರೆ ಮಧ್ಯಾಹ್ನದೊಳಗೆ ಅವುಗಳ ಹಿಂಡು ಇಳಿಯುತ್ತಿತ್ತು. ಅಪಶಕುನವೆಂದು ನಾವು ಕಲ್ಲೆಸೆಯುತ್ತಿದ್ದೆವು. 1992ರಿಂದ ಹದಿನೈದು ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ಔಷಧವು ಹೆಣದ ಮಾಂಸದಲ್ಲಿ ಉಳಿದು, ತಿಂದ ಹಕ್ಕಿಯ ಮೂತ್ರಪಿಂಡಗಳನ್ನು ಕೆಡಿಸುತ್ತದೆಂದು 2004ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಆ ವರ್ಷಗಳಲ್ಲೆಲ್ಲ ನಾನು ತರಗತಿಯಲ್ಲಿ ಜಟಾಯುವಿನ ಪಾಠ ಹೇಳುತ್ತಿದ್ದೆನು. ಕಿಟಕಿಯ ಹೊರಗೆ ಅವನ ಸಂತತಿಯು ಆಕಾಶವನ್ನು ಬಿಟ್ಟು ಹೋಗುತ್ತಿದ್ದುದನ್ನು ನೋಡಲಿಲ್ಲ. ನಾನೂ ಸುಪಾರ್ಶ್ವನೇ.

ಆದರೂ ಕಥೆ ಮುಗಿದಿಲ್ಲ. ದನಗಳಿಗೆ ಆ ಔಷಧವನ್ನು ಕೊಡುವುದನ್ನು ಸರಕಾರವು 2006ರಲ್ಲಿ ನಿಷೇಧಿಸಿತು. ಅದೇ ಬಗೆಯ ಇನ್ನೆರಡನ್ನು 2023ರಲ್ಲಿ. ಅದಕ್ಕೆ ಬದಲಾಗಿ ಹದ್ದುಗಳಿಗೆ ಕೇಡಾಗದ ಮೆಲಾಕ್ಸಿಕಾಮ್ ಎಂಬುದಿದೆ. ‘ಶೋಲೆ’ ಚಿತ್ರವನ್ನು ತೆಗೆದ ರಾಮನಗರದಲ್ಲಿ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಧಾಮವೆಂದು ಸಾರಿದರು. ದನ ಸಾಕಿರುವ ಗೃಹಸ್ಥರು, ಪಶುವೈದ್ಯರು ಸೂಜಿ ಹಾಕುವಾಗ ಔಷಧದ ಹೆಸರನ್ನೊಮ್ಮೆ ಕೇಳಿದರೆ ಸಾಕು. ಅದೂ ಅಡ್ಡ ನಿಂತಂತೆಯೇ.

ಇಳಿಯುವಾಗ ಹುಡುಗನು ಚಿತ್ರದ ಕೊನೆಯನ್ನು ತಾನೇ ಹೇಳಿದನು: “ಕೊನೇಲಿ ಬರೀ ಆಕಾಶ ತೋರಿಸೋಣ ತಾತ. ಆಮೇಲೆ ದೂರದಲ್ಲಿ ಒಂದು ಚುಕ್ಕೆ.” ಆ ಚುಕ್ಕೆಯನ್ನು ಅವನು ಈ ಬೆಟ್ಟದ ಮೇಲೆಯೇ ಕಣ್ಣಾರೆ ಕಾಣುವಂತಾಗಲಿ.