‘ಕೆಲಸ ಸಿಗ್ಲಿ, ಆಮೇಲೆ ಬರಿ’ ಅನ್ನೋರಿಗೆ

ಹೊಳೆನರಸೀಪುರದಿಂದ ಹಾಸನಕ್ಕೆ ದಿನಾ ಬಸ್ಸಲ್ಲಿ ಓಡಾಡೋನು ನಾನು. ಸೀಟು ಸಿಕ್ಕಿದ ದಿನ ಮೊಬೈಲಲ್ಲಿ ಕತೆ ಟೈಪ್ ಮಾಡ್ತೀನಿ. ಸಿಗದ ದಿನ ಕಂಬಿ ಹಿಡ್ಕೊಂಡು ತಲೆಯಲ್ಲೇ ಬರೀತೀನಿ. ಎಲ್ಲಾ ಸೈನ್ಸ್ ಫಿಕ್ಷನ್. ಮೂರನೇ ಸೆಮ್‌ನಲ್ಲಿ ಒಂದು ಸಬ್ಜೆಕ್ಟ್ ಬ್ಯಾಕ್ ಆದಾಗ ಅಪ್ಪ ಬಯ್ಯಲಿಲ್ಲ. “ಮೊದಲು ಒಂದು ಕೆಲಸ ಸಿಗ್ಲಿ ಕಣಪ್ಪ, ಆಮೇಲೆ ಎಷ್ಟು ಬೇಕಾದ್ರೂ ಬರ್ಕೊ” ಅಂದ್ರು, ಅಷ್ಟೇ. ಬೈದಿದ್ರೆ ಜಗಳ ಆಡಬಹುದಿತ್ತು. ಇದಕ್ಕೆ ಏನು ಹೇಳೋದು? ಒಂದು ತಿಂಗಳು ಬರೆಯೋದನ್ನೇ ಬಿಟ್ಟೆ.

ಈಗ ಉತ್ತರ ಸಿಕ್ಕಿದೆ. ಅಪ್ಪನ ಮಾತಲ್ಲಿ ‘ಕೆಲಸ’ ಸರಿ, ‘ಆಮೇಲೆ’ ತಪ್ಪು.

ಕೆಲಸ ಯಾಕೆ ಬೇಕು ಅನ್ನೋಕೆ ಒಂದು ಲೆಕ್ಕ ಹಾಕೋಣ. ಪುಸ್ತಕದ ಬೆಲೆ 200 ರೂಪಾಯಿ, ಬರೆದವರಿಗೆ ಶೇ. 10 ಅಂತ ಇಟ್ಕೊಳ್ಳಿ. ಸಾವಿರ ಪ್ರತಿ ಪೂರ್ತಿ ಖರ್ಚಾದ್ರೂ ಕೈಗೆ ಬರೋದು 20,000. ಕಾದಂಬರಿ ಬರೆಯೋಕೆ ಎರಡು ವರ್ಷ ಹಿಡಿದಿದ್ರೆ ತಿಂಗಳಿಗೆ 833 ರೂಪಾಯಿ. ನನ್ನ ಬಸ್ಸು, ಕ್ಯಾಂಟೀನ್ ಖರ್ಚೇ ಅದಕ್ಕಿಂತ ಜಾಸ್ತಿ. ಹೆಸರಲ್ಲೇ ಅರಕಲಗೂಡನ್ನು ಇಟ್ಟುಕೊಂಡಿದ್ದ ಅ.ನ.ಕೃ. ಬಹುಮಟ್ಟಿಗೆ ಬರವಣಿಗೆಯನ್ನೇ ನಂಬಿ ಬದುಕಿದರು. ಅದಕ್ಕೆ ಅವರು ನೂರಕ್ಕೂ ಹೆಚ್ಚು ಕಾದಂಬರಿ ಬರೀಬೇಕಾಯ್ತು. ನಮ್ಮ ಕೈಲಾಗುತ್ತಾ?

ಆದರೆ ಉಳಿದವರು ‘ಆಮೇಲೆ’ ಅಂತ ಕಾದರಾ? ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪ ಮೇಷ್ಟ್ರಾಗಿದ್ದುಕೊಂಡೇ ‘ವಂಶವೃಕ್ಷ’, ‘ಪರ್ವ’ ಬರೆದರು. ಹಾಸನದ ಬಾನು ಮುಷ್ತಾಕ್ ವಕೀಲಿಕೆ ಮಾಡ್ತಾನೇ ಕತೆ ಬರೆದರು. 2025ರ ಮೇ 20ರಂದು ಲಂಡನ್ನಿನಲ್ಲಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂತು.

“ಅವರ್ಯಾರೂ ಮುಖ್ಯವಾಗಿ ಸೈ-ಫೈ ಬರೆದವರಲ್ವಲ್ಲ?” ಅಂತೀರ. ನಿಜ. ಅದೇ ಮೇ 20ರಂದು ಪುಣೆಯಲ್ಲಿ ತೀರಿಕೊಂಡ ಜಯಂತ್ ನಾರ್ಳೀಕರ್ ಬರೆದಿದ್ದರು. ದೊಡ್ಡ ಖಗೋಳ ವಿಜ್ಞಾನಿ, ಆದ್ರೆ ಕತೆ ಬರೆದದ್ದು ಮಾತೃಭಾಷೆ ಮರಾಠಿಯಲ್ಲಿ. ಮೊದಲ ಕತೆಯನ್ನು ಸ್ಪರ್ಧೆಗೆ ಕಳಿಸುವಾಗ ತನ್ನ ಹೆಸರು ನೋಡಿ ಬಹುಮಾನ ಕೊಡಬಾರದು ಅಂತ ಇನಿಷಿಯಲ್‌ಗಳನ್ನು ತಿರುಗಿಸಿ ‘ನಾರಾಯಣ ವಿನಾಯಕ ಜಗತಾಪ್’ ಅಂತ ಸುಳ್ಳು ಹೆಸರು ಹಾಕಿದ್ದರಂತೆ. ಕತೆ ಕಪ್ಪುಕುಳಿಯ ಬಗ್ಗೆ. ಬಹುಮಾನ ಬಂತು. ಹಗಲು ಮಾಡೋ ಕೆಲಸವೇ ಅವರಿಗೆ ಕತೆ ಕೊಟ್ಟಿತ್ತು.

ನಮ್ಮ ಪಕ್ಕದ ಮೂಡಿಗೆರೆ ನೋಡಿ. ಪೂರ್ಣಚಂದ್ರ ತೇಜಸ್ವಿ ಕನ್ನಡ ಎಂ.ಎ. ಮಾಡಿಯೂ ಕಾಫಿ ತೋಟಕ್ಕೆ ಹೋದರು. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕುತ್ತಾ ಹೋಗೋರ ಜೊತೆ ಒಬ್ಬ ರೈತ ಇದಾನೆ, ಮಂದಣ್ಣ ಇದಾನೆ, ಜೇನು ಇದೆ. ತೋಟದ ಕೆಲಸ ಮಾಡದೆ ಅದನ್ನು ಬರೆಯೋಕಾಗ್ತಿತ್ತು ಅಂತ ನನಗನ್ನಿಸಲ್ಲ.

ನನ್ನ ಮೊದಲ ಕತೆ ಇಂಗ್ಲಿಷಲ್ಲಿತ್ತು. ಹೀರೋ ಜಾನ್, ಊರು ಹ್ಯೂಸ್ಟನ್. ನಾನು ಹಾಸನ ದಾಟಿ ಬೆಂಗಳೂರು ನೋಡಿರೋದೇ ನಾಲ್ಕು ಸಲ! ಅರಕಲಗೂಡಿನ ಗೆಳೆಯ ಓದಿ, “ಚೆನ್ನಾಗಿದೆ ಮಗಾ, ಆದ್ರೆ ಇದನ್ನ ಎಲ್ಲೋ ನೋಡಿದೀನಿ” ಅಂದ. ಉರಿದುಹೋಯ್ತು. ಆದ್ರೆ ಅವನು ಹೇಳಿದ್ದು ಸರಿ. ಇಸ್ರೋದ ಎಂ.ಸಿ.ಎಫ್. ಇರೋದು ಇದೇ ಹಾಸನದಲ್ಲಿ. 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು 1982ರಿಂದ ಇಲ್ಲಿಂದ ನೋಡ್ಕೊಳ್ತಿದಾರೆ. ಅದನ್ನು ಬಿಟ್ಟು ನಾನು ಹ್ಯೂಸ್ಟನ್ನಿಗೆ ಹೋಗಿದ್ದೆ. ಈಗಿನ ಕತೆಯಲ್ಲಿ ಸಾಲಗಾಮೆ ರಸ್ತೆ ಇದೆ, ನೈಟ್ ಶಿಫ್ಟ್ ಮುಗಿಸಿ ಟೀ ಹುಡುಕೋ ಎಂಜಿನಿಯರ್ ಒಬ್ಬಳಿದಾಳೆ. ಕನ್ನಡದಲ್ಲಿ ಬರೆಯೋಕೆ ನನಗೆ ಮೂರು ಪಟ್ಟು ಹೊತ್ತು ಬೇಕು, ಒತ್ತಕ್ಷರ ಈಗಲೂ ತಪ್ಪುತ್ತೆ. ಆದ್ರೂ ಈ ಕತೆಯನ್ನು ಎಲ್ಲೋ ನೋಡಿದೀನಿ ಅಂತ ಯಾರೂ ಅನ್ನಲ್ಲ.

ನಾಳೆ ನಮ್ಮಲ್ಲಿ ಒಬ್ಬರು ಸಬ್‌ಸ್ಟೇಷನ್‌ನಲ್ಲಿರ್ತಾರೆ, ಒಬ್ಬರು ಹೇಮಾವತಿ ನಾಲೆ ಕೆಲಸದಲ್ಲಿ, ಒಬ್ಬರು ಕೋಡ್ ಬರೀತಾ. ಆ ಜಾಗಗಳ ಒಳಗುಟ್ಟು ಅಲ್ಲಿ ದುಡಿಯೋರಿಗೆ ತಾನೇ ಗೊತ್ತಿರೋದು? ಕನ್ನಡ ಸೈ-ಫೈ ಬರೆಯೋಕೆ ನಮಗಿಂತ ಸರಿಯಾದೋರು ಯಾರು? ಆದ್ರೆ ದಿನಕ್ಕೆ ಅರ್ಧ ಗಂಟೆ ಬರೆಯೋ ಅಭ್ಯಾಸ ಇವತ್ತೇ ಇಲ್ಲದಿದ್ರೆ, ಕೆಲಸ ಸಿಕ್ಕ ದಿನ ಅದು ತಾನಾಗೇ ಬರಲ್ಲ.

ನಮ್ಮ ಕ್ಲಬ್ಬಿಗೂ ಒಂದು ಮಾತು. ಸೆಮಿಸ್ಟರ್‌ಗೆ ಒಂದಾದ್ರೂ ಕನ್ನಡ ಪುಸ್ತಕ ದುಡ್ಡು ಕೊಟ್ಟು ತಗೊಳ್ಳೋಣ. ಪಿ.ಡಿ.ಎಫ್. ಕೇಳೋದು ಬೇಡ. ಆ 833 ರೂಪಾಯಿಯಲ್ಲೂ ಕಿತ್ಕೊಳ್ಳೋದು ಯಾಕೆ?

ಮುಂದಿನ ತಿಂಗಳು ನನ್ನ ಬ್ಯಾಕ್ ಪೇಪರ್ ಇದೆ. ಅದನ್ನೂ ಬರೀತೀನಿ.