ದಾದಿಯ ಹೆಸರು ಯಾವ ಪುಸ್ತಕದಲ್ಲಿದೆ?

ಕಳೆದ ತಿಂಗಳು ಪಲ್ಲಡಂ ಕಡೆಯ ಹಿರಿಯರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಮಗ್ಗದ ಕುಟುಂಬದವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ನಮ್ಮೆಲ್ಲರಂತೆಯೇ. ಕೈಚೀಲದಿಂದ ಅವರು ಹೊರತೆಗೆದುದು ಗಾಜಿನ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. ಮಗಳು ಹನ್ನೆರಡನೆಯ ತರಗತಿ ಮುಗಿಸಿ, ಪೇಟೆಯ ಖಾಸಗಿ ಸಂಸ್ಥೆಯೊಂದರಲ್ಲಿ ಒಂದು ವರ್ಷ ‘ನರ್ಸಿಂಗ್’ ಕಲಿತಿದ್ದಳು. ಅದಕ್ಕಾಗಿ ತಾಯಿಯ ಬಳೆಗಳು ಅಡವಿಗೆ ಹೋಗಿದ್ದವು. ಕೊಯಮತ್ತೂರಿನ ಆಸ್ಪತ್ರೆಯೊಂದಕ್ಕೆ ಕೆಲಸ ಕೇಳಲು ಹೋದಾಗ ಅಲ್ಲಿಯವರು ಸರ್ಟಿಫಿಕೇಟನ್ನು ಕೈಗೂ ತೆಗೆದುಕೊಳ್ಳದೆ ಆಕೆಯ ನೋಂದಣಿ ಸಂಖ್ಯೆ ಯಾವುದೆಂದು ಕೇಳಿದರಂತೆ.

“ಇಷ್ಟು ದೊಡ್ಡ ಮುದ್ರೆ ಒತ್ತಿದ್ದಾರಲ್ಲ ಸ್ವಾಮಿ, ಇದು ಸಾಲದೆ?” ಎಂದರು ಆ ತಂದೆ. ಸಾಲದೆನ್ನಲು ನಮಗೆ ನಾಲಗೆ ಏಳಲಿಲ್ಲ. ಅಂದು ಅರೆಬರೆಯಾಗಿ ಹೇಳಿದುದನ್ನು ಈ ತಿಂಗಳು ವಾಚಕರ ಮುಂದೆ ಬಿಡಿಸಿ ಇಡುತ್ತಿದ್ದೇವೆ. ಇಂಥದೇ ಚೌಕಟ್ಟು ಇನ್ನೂ ಕೆಲವು ಮನೆಗಳ ಗೋಡೆಯ ಮೇಲೆ ಇರಬಹುದೆಂಬ ಅಳುಕು ನಮಗಿದೆ.

ನಮ್ಮ ಅಜ್ಜಿಯರ ಕಾಲದ ಸೂಲಗಿತ್ತಿಗೆ ಪರವಾನಗಿ ಬೇಕಿರಲಿಲ್ಲ. ಅವಳ ಕೈಗುಣವನ್ನು ಊರೇ ಬಲ್ಲುದಾಗಿತ್ತು. (ಆ ಕೈಗುಣವನ್ನು ನಂಬಿ ಪ್ರಾಣ ತೆತ್ತ ಬಾಣಂತಿಯರೂ ಇದ್ದರೆಂಬುದನ್ನು ನಾವು ಮರೆಯಲಾಗದು.) ರೋಗಿಗಳು ಆಸ್ಪತ್ರೆಯೆಂಬ ಅಪರಿಚಿತರ ಮನೆಗೆ ಹೋಗತೊಡಗಿದ ಮೇಲೆ, ಸೂಜಿ ಹಿಡಿದ ಕೈ ಎಂಥದೆಂದು ಹೇಳಬಲ್ಲ ಊರು ಅಲ್ಲಿರಲಿಲ್ಲ. ಆ ಊರಿನ ಸಾಕ್ಷ್ಯಕ್ಕೆ ಬದಲಾಗಿ ಬಂದುದೇ ನೋಂದಣಿ ಪುಸ್ತಕ. ಇಂಗ್ಲೆಂಡಿನಲ್ಲಿ ಇದಕ್ಕೆ ಶಾಸನವಾದುದು 1919ರಲ್ಲಿ. ಏಳೇ ವರ್ಷಗಳ ತರುವಾಯ, 1926ರಲ್ಲಿ, ಮದ್ರಾಸು ಪ್ರಾಂತವು ದಾದಿಯರ ಹಾಗೂ ಸೂಲಗಿತ್ತಿಯರ ಶಾಸನವನ್ನು ಮಾಡಿತು. ತಮಿಳುನಾಡಿನ ಪರಿಷತ್ತು ಆ ಶಾಸನದ ಕೂಸು.

ಆಗ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಅಲ್ಲಿಯ ಕನ್ನಡ ದಾದಿಗೂ ಇಲ್ಲಿಯ ತಮಿಳು ದಾದಿಗೂ ಪುಸ್ತಕ ಒಂದೇ. 1956ರ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಆ ರಾಜ್ಯವು ದಾದಿಯರಿಗಾಗಿ ತನ್ನದೇ ಶಾಸನವನ್ನು ಮಾಡಿಕೊಂಡಿತು. ನೆಂಟಸ್ತಿಕೆ ಗಡಿಯ ಎರಡು ಕಡೆಯೂ ಹಾಗೆಯೇ ಉಳಿಯಿತು, ಪುಸ್ತಕ ಮಾತ್ರ ಎರಡಾಯಿತು.

ಇಂಥ ಪುಸ್ತಕಗಳ ನಡುವಣ ಸೇತುವೆಯಾಗಿ ನಿಂತುದು 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಶಾಸನ. ಅದಕ್ಕೆ ಒಂದು ವರ್ಷ ಮೊದಲು ಭೋರ್ ಸಮಿತಿಯು ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬಳೇ ದಾದಿ ಇರುವಳೆಂದು ಲೆಕ್ಕ ಹಾಕಿತ್ತು. ಇರುವ ಕೆಲವೇ ಮಂದಿಯ ವಿದ್ಯೆ ಎಲ್ಲ ಪ್ರಾಂತಗಳಲ್ಲಿಯೂ ಒಂದೇ ಮಟ್ಟದ್ದಾಗಿರಬೇಕು, ಒಂದು ಕಡೆ ಕಲಿತವಳು ಮತ್ತೊಂದು ಕಡೆ ಸೇವೆ ಮಾಡಲು ಅರ್ಹಳಾಗಬೇಕು ಎಂಬುದು ಅದರ ಆಶಯ.

ಆ ಸೇತುವೆ ಅಲುಗಿದ್ದನ್ನೂ ನಾವು ಕಂಡೆವು. 2017ರ ಜುಲೈ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, ಕಾಲೇಜುಗಳಿಗೆ ಮಾನ್ಯತೆ ನೀಡುವ ಅಧಿಕಾರ ಈ ಶಾಸನದಂತೆ ಕೇಂದ್ರ ಪರಿಷತ್ತಿಗೆ ಇಲ್ಲ, ಅದು ರಾಜ್ಯದ ಪರಿಷತ್ತಿಗೂ ವಿಶ್ವವಿದ್ಯಾಲಯಕ್ಕೂ ಸೇರಿದ್ದು ಎಂದು ತೀರ್ಪಿತ್ತಿತು. ಕಾಲೇಜಿನ ಒಡೆಯರಿಗೆ ಅದು ಗೆಲುವು. ಆದರೆ ಬೆಂಗಳೂರಿನಲ್ಲಿ ಓದುತ್ತಿದ್ದ ಹೊರರಾಜ್ಯದ ಮಕ್ಕಳಿಗೆ, ತಮ್ಮ ಊರಿನ ಪರಿಷತ್ತು ತಮ್ಮನ್ನು ಒಪ್ಪುವುದೋ ಇಲ್ಲವೋ ಎಂಬ ಚಿಂತೆ ಹತ್ತಿತು. ಅಧಿಕಾರ ಯಾರದೆಂಬ ವ್ಯಾಜ್ಯದಲ್ಲಿ ಹುಡುಗಿಯರ ವರ್ಷಗಳು ಒತ್ತೆಯಾದುದು ನಮಗೆ ಸರಿಕಾಣಲಿಲ್ಲ. 2023ರಲ್ಲಿ ಸಂಸತ್ತು 1947ರ ಶಾಸನಕ್ಕೆ ಬದಲಾಗಿ ರಾಷ್ಟ್ರೀಯ ನರ್ಸಿಂಗ್ ಹಾಗೂ ಸೂಲಗಿತ್ತಿ ವೃತ್ತಿ ಆಯೋಗದ ಶಾಸನವನ್ನು ಅಂಗೀಕರಿಸಿದೆ. ರಾಷ್ಟ್ರಕ್ಕೆಲ್ಲ ಒಂದು ದಾಖಲೆ ಇರಬೇಕೆಂಬುದು ಅದರಲ್ಲಿ ಸೇರಿದೆ.

ಇನ್ನು ಮನೆಯ ಮಾತು. ನೋಂದಣಿಗೆ ಒಯ್ಯುವ ಓದು ಮುಖ್ಯವಾಗಿ ಮೂರು ಬಗೆಯದು: ಎರಡು ವರ್ಷದ ಎ.ಎನ್.ಎಂ., ಮೂರು ವರ್ಷದ ಜಿ.ಎನ್.ಎಂ., ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಆರು ತಿಂಗಳಿನಲ್ಲಿ, ವರ್ಷದಲ್ಲಿ ದಾದಿಯನ್ನಾಗಿ ಮಾಡಿಕೊಡುವೆವೆಂಬ ಬೋರ್ಡು ಬಸ್‌ ನಿಲ್ದಾಣದ ಮುಂದೆ ಎಷ್ಟು ದೊಡ್ಡದಾಗಿದ್ದರೂ, ಆ ಓದು ಸಹಾಯಕಿಯ ಕೆಲಸಕ್ಕೆ ಒದಗೀತೇ ಹೊರತು ಪುಸ್ತಕದಲ್ಲಿ ಹೆಸರನ್ನು ಬರೆಯಿಸದು. ಹಣ ಕಟ್ಟುವ ಮೊದಲು ಸಂಸ್ಥೆಯ ಹೆಸರು ರಾಜ್ಯ ಪರಿಷತ್ತಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡಬೇಕು; ಏಜೆಂಟನ ಬಾಯಿಂದಲ್ಲ, ಪಟ್ಟಿಯಿಂದಲೇ. ಬಿ.ಎಸ್ಸಿ. ಆದರೆ ವಿಶ್ವವಿದ್ಯಾಲಯದ ಪಟ್ಟಿಯನ್ನೂ ನೋಡಬೇಕು. ಕರ್ನಾಟಕದಲ್ಲಿ ಕಲಿತು ಇಲ್ಲಿಗೆ ಮರಳುವವಳು ಮೊದಲು ಅಲ್ಲಿಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ, ಅವರ ಒಪ್ಪಿಗೆ ಪತ್ರದೊಡನೆ ಚೆನ್ನೈನ ಪರಿಷತ್ತಿಗೆ ಅರ್ಜಿ ಹಾಕಬೇಕಾಗುವುದು. ಐದು ವರ್ಷಕ್ಕೊಮ್ಮೆ ನವೀಕರಣವೂ ಉಂಟು. ಮದುವೆಯಾಗಿ ಕೆಲಸ ಬಿಟ್ಟ ನಮ್ಮ ಹೆಣ್ಣುಮಕ್ಕಳು ಇದನ್ನು ಮರೆತು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಪೇಚಾಡುವುದುಂಟು.

ಪಲ್ಲಡಂನ ಹುಡುಗಿಯ ಸಂಗತಿ ಹೇಳದೆ ಬಿಟ್ಟರೆ ವಾಚಕರು ಕೇಳದೆ ಇರಲಾರರು. ಆಕೆ ಕೆಲವು ಕಾಲ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಸಹಾಯಕಿಯಾಗಿದ್ದಳು. ಅಲ್ಲಿಗೆ ಬರುವ ಮುದುಕಿಯರೊಡನೆ ತಮಿಳು, ಕನ್ನಡ, ತೆಲುಗು ಮೂರರಲ್ಲಿಯೂ ಮಾತನಾಡಬಲ್ಲವಳು ಅವಳೊಬ್ಬಳೇ ಎಂದು ತಂದೆ ಹೇಳುವಾಗ ಅವರ ಮುಖ ಬೆಳಗಿತು. ಅವಳು ಈಗ ಜಿ.ಎನ್.ಎಂ. ಸೇರಲು ಒಪ್ಪಿದ್ದಾಳೆ. ಈ ಬಾರಿ ಪಟ್ಟಿಯನ್ನು ತಾನೇ ತರಿಸಿಕೊಂಡು, ಕಾಲೇಜಿನ ಹೆಸರಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಾಳೆ. ಬಳೆಗಳು ಇನ್ನೂ ಅಡವಿನಲ್ಲಿಯೇ ಇವೆ.