ಕಲಾಂ ಮೇಲೆ ಗೌರವ, ಮತ ಮಾತ್ರ ಕ್ಯಾಪ್ಟನ್ ಲಕ್ಷ್ಮಿಗೆ

ಎಂಜಿನಿಯರಿಂಗ್ ಓದುವ ಹುಡುಗ ‘2002ರಲ್ಲಿ ನನಗೆ ಮತ ಇದ್ದಿದ್ದರೆ ಅಬ್ದುಲ್ ಕಲಾಂ ಅವರಿಗೆ ಹಾಕುತ್ತಿರಲಿಲ್ಲ’ ಎಂದರೆ ಜೊತೆಯವರು ಹೇಗೆ ನೋಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಪ್ಲೇಸ್‌ಮೆಂಟ್ ತರಬೇತಿಯ ಗ್ರೂಪ್ ಡಿಸ್ಕಷನ್‌ನಲ್ಲಿ ‘ನಿಮ್ಮ ಮೆಚ್ಚಿನ ರಾಷ್ಟ್ರಪತಿ’ ಎಂಬ ವಿಷಯ ಕೊಟ್ಟಿದ್ದರು. ಹತ್ತು ಜನರಲ್ಲಿ ಒಂಬತ್ತು ಜನ ಕಲಾಂ ಎಂದರು. ಅವರ ಎದುರು ಸೋತ ಅಭ್ಯರ್ಥಿಯ ಹೆಸರು ಹೇಳಿದವನು ನಾನೊಬ್ಬನೇ. ‘ಯಾರೋ ಅದು?’ ಎಂದು ಪಕ್ಕದವನು ಕೇಳಿದ. ಮಾತಾಡಲು ಸಿಕ್ಕಿದ್ದು ಎರಡೇ ನಿಮಿಷ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಅದು ನಾನು ಹುಟ್ಟುವ ಮೊದಲು ನಡೆದ ಚುನಾವಣೆ. 2002ರ ಜುಲೈ 15ರಂದು ಮತದಾನ. ಎನ್‌ಡಿಎ ಕಲಾಂ ಅವರ ಹೆಸರು ಸೂಚಿಸಿತ್ತು, ಕಾಂಗ್ರೆಸ್ ಕೂಡ ಬೆಂಬಲಿಸಿತ್ತು. ಎಡಪಕ್ಷಗಳು ಮಾತ್ರ 87 ವರ್ಷದ ಡಾ. ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ಕಲಾಂ ಅವರಿಗೆ ಬಂದ ಮತಗಳ ಮೌಲ್ಯ 9,22,884. ಲಕ್ಷ್ಮಿ ಅವರಿಗೆ 1,07,366. ಸೋಲು ಮೊದಲೇ ಗೊತ್ತಿದ್ದ ಸ್ಪರ್ಧೆ.

‘ಮತಗಳ ಮೌಲ್ಯ’ ಎಂಬ ಮಾತಿಗೆ ಸ್ವಲ್ಪ ವಿವರಣೆ ಬೇಕು. ನಮ್ಮಲ್ಲಿ ರಾಷ್ಟ್ರಪತಿಯನ್ನು ನೀವು, ನಾನು ಆರಿಸುವುದಿಲ್ಲ. ಚುನಾಯಿತ ಸಂಸದರು ಮತ್ತು ಶಾಸಕರು ಆರಿಸುತ್ತಾರೆ. (ನಾವು ಪದವಿ ಮುಗಿಸಿ ಪದವೀಧರ ಕ್ಷೇತ್ರದಿಂದ ಕಳಿಸುವ ವಿಧಾನ ಪರಿಷತ್ ಸದಸ್ಯರಿಗೆ ಇದರಲ್ಲಿ ಮತವೇ ಇಲ್ಲ!) ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕರ ಮತದ ಮೌಲ್ಯ ಸಿಗುತ್ತದೆ. ಕರ್ನಾಟಕದಲ್ಲಿ ಅದು 131. ಲೆಕ್ಕಕ್ಕೆ ಹಿಡಿಯುವುದು ಇವತ್ತಿಗೂ 1971ರ ಜನಗಣತಿಯನ್ನೇ. 2011ರ ಗಣತಿ ಹಿಡಿದು ಲೆಕ್ಕ ಹಾಕಿದರೆ 273 ಬರುತ್ತದೆ, ನಾನೇ ಹಾಕಿ ನೋಡಿದ್ದೇನೆ. ಅಂತೂ ರಾಷ್ಟ್ರಪತಿ ಆಯ್ಕೆಯಲ್ಲಿ ದೊಡ್ಡಬಳ್ಳಾಪುರ ಕ್ಷೇತ್ರದ ಪಾಲು ಆ 131. ಅದು ನನ್ನ ಕೈಯಲ್ಲಿದ್ದರೆ ಯಾರಿಗೆ ಹಾಕುತ್ತಿದ್ದೆ ಎಂಬುದಷ್ಟೇ ಪ್ರಶ್ನೆ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ದೊಡ್ಡಪ್ಪ, ‘ರಬ್ಬರ್ ಸ್ಟಾಂಪಿಗೆ ಯಾರಾದ್ರೇನಪ್ಪ? ಸೈನ್ ಹಾಕು ಅಂದ್ರೆ ಹಾಕ್ತಾರೆ’ ಅಂದರು. ಬಹಳ ಜನ ಹೇಳುವ ಮಾತು ಇದು. ಆದರೆ ಆ ಸಹಿಯಿಂದ ಏನಾಗುತ್ತದೆ ಎಂಬುದನ್ನು ಕರ್ನಾಟಕದವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲರಿಗೆ ಹೋದವು. ಆಮೇಲೆ ಅವರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ಹೇಳಿ ಪಡೆಯಲಾಗಿದೆ ಎಂದರು. ವಿಧಾನಸಭೆಯಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು, ಸರ್ಕಾರ ಹೋಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚ್‌ನಲ್ಲಿ. ತೀರ್ಪು ದೇಶಕ್ಕೆಲ್ಲ ಉಪಕಾರ ಮಾಡಿತು ನಿಜ, ಆದರೆ ಹೋದ ಸರ್ಕಾರ ತಿರುಗಿ ಬರಲಿಲ್ಲ.

ಇದಕ್ಕೂ ಮೊದಲು, 1977ರ ಏಪ್ರಿಲ್‌ನಲ್ಲಿ, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆಗ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತ ಬಂತು. ಅವರು ತಕ್ಷಣ ಸಹಿ ಹಾಕದೆ ಹಿಂದೆಮುಂದೆ ನೋಡಿದರು. ಅದಕ್ಕಾಗಿ ಟೀಕೆಯನ್ನೂ ಕೇಳಬೇಕಾಯಿತು. ಕೊನೆಗೆ ಸಹಿ ಹಾಕಿದರು. ಅವರು ತಡ ಮಾಡಿದ್ದು ಸರಿಯೋ ತಪ್ಪೋ, ಜಗಳ ಆಡಬಹುದು. ಆದರೆ ಪೆನ್ನು ಎತ್ತುವ ಮುಂಚೆ ಒಮ್ಮೆ ಯೋಚಿಸುವ ಅವಕಾಶ ಆ ಕುರ್ಚಿಗೆ ಇದೆ ಎಂಬುದಂತೂ ಗೊತ್ತಾಯಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದಾಗ ಸಚಿವ ಸಂಪುಟ ಸಭೆಯೂ ಸೇರಿರಲಿಲ್ಲ. ಸಂಪುಟದ ಒಪ್ಪಿಗೆ ಬಂದದ್ದು ಮರುದಿನ ಬೆಳಗ್ಗೆ.

ಹಾಗಾಗಿ ನಾನು ಅಭ್ಯರ್ಥಿಯಲ್ಲಿ ಹುಡುಕುವುದು ಒಂದೇ ಗುಣ. ಮಧ್ಯರಾತ್ರಿ ಕಡತ ಬಂದರೆ ‘ಬೆಳಗ್ಗೆ ನೋಡೋಣ’ ಎನ್ನುವ ಅಭ್ಯಾಸ ಇವರಿಗೆ ಇದೆಯೇ? ಒಳ್ಳೆಯವರೇ, ಪ್ರಾಮಾಣಿಕರೇ, ಬುದ್ಧಿವಂತರೇ ಎಂಬುದೆಲ್ಲ ಆಮೇಲೆ. ಆ ಮೂರರಲ್ಲೂ ಕಲಾಂ ಅವರಿಗೆ ನೂರಕ್ಕೆ ನೂರು ಕೊಡಲು ನಾನೂ ಸಿದ್ಧ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಅವರ ತಂಡ ಕಟ್ಟಿದ ಹೋವರ್‌ಕ್ರಾಫ್ಟ್‌ಗೆ ‘ನಂದಿ’ ಎಂದು ಹೆಸರು. ಶಿವನ ವಾಹನದ ಹೆಸರು ಅದು. ನಂದಿ ಬೆಟ್ಟದ ಮಗ್ಗುಲಲ್ಲಿ ಬೆಳೆದ ನಮಗೆ ಅದು ನಮ್ಮದೇ ಎನ್ನುವ ಖುಷಿ. 1980ರಲ್ಲಿ ಎಸ್‌ಎಲ್‌ವಿ-3 ಯಶಸ್ವಿಯಾಗಿ ಹಾರಿದಾಗ ಆ ಯೋಜನೆಯ ಮುಖ್ಯಸ್ಥರು ಅವರೇ. ಆದರೆ ಅವರು ಬದುಕಿಡೀ ಕೆಲಸ ಮಾಡಿದ್ದು ಸರ್ಕಾರದ ಸಂಸ್ಥೆಗಳಲ್ಲಿ. ಅಲ್ಲಿ ಗುರಿ ಕೊಡುತ್ತಾರೆ, ಅದನ್ನು ಮುಟ್ಟಬೇಕು. ಆ ತರಬೇತಿ ರಾಕೆಟ್‌ಗೆ ಬೇಕು. ರಾಷ್ಟ್ರಪತಿ ಭವನಕ್ಕೆ ಬೇಕಾದದ್ದು ಬೇರೆ ಎಂದು ನನ್ನ ಅನಿಸಿಕೆ.

ನಂತರ ಆದದ್ದನ್ನೂ ನೋಡಿ. 2005ರ ಮೇ 22ರ ರಾತ್ರಿ ಬಿಹಾರ ವಿಧಾನಸಭೆ ವಿಸರ್ಜಿಸಲು ಕೇಂದ್ರ ಸಂಪುಟ ತೀರ್ಮಾನಿಸಿತು. ಕಲಾಂ ಆಗ ಮಾಸ್ಕೋದಲ್ಲಿದ್ದರು. ಅಲ್ಲಿಂದಲೇ ಒಪ್ಪಿಗೆ ಕೊಟ್ಟರು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿತು. ರಾಜೀನಾಮೆ ಕೊಡಲು ಯೋಚಿಸಿದ್ದೆ ಎಂದು ಕಲಾಂ ಅವರೇ ಮುಂದೆ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟು ಪ್ರಾಮಾಣಿಕತೆ ಎಷ್ಟು ಜನರಿಗಿದೆ? ಅದೇ ಕಲಾಂ 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು ಮರುಪರಿಶೀಲನೆಗೆ ಸಂಸತ್ತಿಗೆ ವಾಪಸ್ ಕಳಿಸಿದರು. ಸಂಸತ್ತು ಮತ್ತೆ ಅಂಗೀಕರಿಸಿದ ಮೇಲೆ ಸಹಿ ಹಾಕಲೇಬೇಕಾಯಿತು. ಅಂದರೆ ಬೇಡ ಎನ್ನುವುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಬಿಹಾರದ ರಾತ್ರಿ ಅದು ಬೇಕಿತ್ತು, ಬರಲಿಲ್ಲ.

ಇನ್ನು ಲಕ್ಷ್ಮಿ ಸೆಹಗಲ್. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಸಿಂಗಪುರಕ್ಕೆ ಹೋದ ಹೆರಿಗೆ ಡಾಕ್ಟರು. 1943ರಲ್ಲಿ ನೇತಾಜಿಯ ಆಜಾದ್ ಹಿಂದ್ ಫೌಜ್ ಸೇರಿ ರಾಣಿ ಝಾನ್ಸಿ ರೆಜಿಮೆಂಟ್‌ನ ನೇತೃತ್ವ ವಹಿಸಿದರು. ಸ್ವಾತಂತ್ರ್ಯದ ನಂತರ ಕಾನ್ಪುರದಲ್ಲಿ ನೆಲೆ ನಿಂತು ಬಡವರಿಗೆ ಚಿಕಿತ್ಸೆ ಕೊಟ್ಟರು. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯ ನಂತರ ಸಿಖ್ಖರ ಮೇಲೆ ದಾಳಿ ಶುರುವಾದಾಗ, 70 ವರ್ಷದ ಈ ಹೆಂಗಸು ತನ್ನ ಕ್ಲಿನಿಕ್ ಇದ್ದ ಬೀದಿಗಿಳಿದು ಗುಂಪಿಗೆ ಎದುರು ನಿಂತರು. ಅದೇ ವರ್ಷ ಭೋಪಾಲ್ ಅನಿಲ ದುರಂತವಾದಾಗ ವೈದ್ಯರ ತಂಡದೊಂದಿಗೆ ಅಲ್ಲಿಗೂ ಹೋದರು.

ನಮ್ಮ ಬೆಂಗಳೂರಿಗೂ ಅವರು ಬಂದಿದ್ದರು. 1996ರಲ್ಲಿ ಇಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯನ್ನು ವಿರೋಧಿಸಿ ಬಂಧನಕ್ಕೊಳಗಾದವರಲ್ಲಿ ಅವರೂ ಒಬ್ಬರು. ಆಗ ವಯಸ್ಸು 82. ಆ ಹೋರಾಟದ ವಾದಗಳೆಲ್ಲ ನನಗೆ ಒಪ್ಪಿಗೆಯಿಲ್ಲ, ಸ್ಪರ್ಧೆಗೆ ಹೋಗುವುದು ಬಿಡುವುದು ಆ ಹುಡುಗಿಯರ ಇಷ್ಟ ಎಂದೇ ನನ್ನ ಭಾವನೆ. ಆದರೆ ಆ ವಯಸ್ಸಿನಲ್ಲಿ ಪೊಲೀಸ್ ವ್ಯಾನ್ ಹತ್ತಲು ಹಿಂಜರಿಯದವರು, ಪ್ರಧಾನಿ ಕಚೇರಿಯಿಂದ ಫೋನ್ ಬಂದರೆ ಗಾಬರಿಯಾಗುತ್ತಿದ್ದರೇ?

ಅವರು ಸಿಪಿಎಂ ಸದಸ್ಯೆ, ರಾಜ್ಯಸಭೆಯಲ್ಲೂ ಇದ್ದವರು. ‘ಅವರ ಪಕ್ಷವೇ ಕಡತ ಕಳಿಸಿದ್ದರೆ?’ ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ನನ್ನಲ್ಲಿ ಖಾತರಿ ಉತ್ತರವಿಲ್ಲ. 2002ರ ಮಟ್ಟಿಗೆ ಹೇಳುವುದಾದರೆ, ಆ ಪಕ್ಷ ಕೇಂದ್ರದಲ್ಲಿ ಅಧಿಕಾರಕ್ಕೆ ಬರುವ ಸಾಧ್ಯತೆ ಇರಲಿಲ್ಲ. ಆಳುವವರೂ ಮುಖ್ಯ ವಿರೋಧ ಪಕ್ಷದವರೂ ಒಟ್ಟಿಗೆ ಆರಿಸಿದ ಅಭ್ಯರ್ಥಿಗಿಂತ, ಇಬ್ಬರಿಗೂ ಬೇಡವಾದ ಅಭ್ಯರ್ಥಿಗೆ ಋಣ ಕಡಿಮೆ. ವಯಸ್ಸಿನ ಆಕ್ಷೇಪ ಇದಕ್ಕಿಂತ ಗಟ್ಟಿ. 87ಕ್ಕೆ ಐದು ವರ್ಷದ ಹುದ್ದೆ ಎಂದರೆ ಯಾರಾದರೂ ಯೋಚಿಸುತ್ತಾರೆ. 2006ರಲ್ಲೂ ಅವರು ಕ್ಲಿನಿಕ್‌ನಲ್ಲಿ ರೋಗಿಗಳನ್ನು ನೋಡುತ್ತಿದ್ದರು ಎಂಬುದು ನಮಗೆ ಇವತ್ತು ಗೊತ್ತು, 2002ರಲ್ಲಿ ಮತ ಹಾಕಿದವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆದರೂ ನಾನು ಆ ಅಪಾಯ ತೆಗೆದುಕೊಳ್ಳುತ್ತಿದ್ದೆ.

‘ಸೋಲುವವರಿಗೆ ಹಾಕಿ ಮತ ಯಾಕೆ ಹಾಳು ಮಾಡ್ಬೇಕು?’ ಎಂಬ ಮಾತು ಮಾತ್ರ ನನಗೆ ಅರ್ಥವಾಗುವುದಿಲ್ಲ. 1977ರಲ್ಲಿ ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. ಅಲ್ಲಿ ಹೋಲಿಸಲು ಎದುರಿಗೆ ಯಾರೂ ಇರಲಿಲ್ಲ. 2002ರಲ್ಲಿ ಲಕ್ಷ್ಮಿ ನಿಂತದ್ದರಿಂದಲೇ ನಾನು ಇಷ್ಟು ವರ್ಷದ ನಂತರವಾದರೂ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವಂತಾಯಿತು.

2027ರ ಜುಲೈಗೆ ಮುಂದಿನ ರಾಷ್ಟ್ರಪತಿ ಆಯ್ಕೆಯಾಗಬೇಕು. ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತದಾನ ಗುಪ್ತ. ಯಾರಿಗೆ ಹಾಕಿದಿರಿ ಎಂದು ಶಾಸಕರನ್ನು ಆಮೇಲೆ ಕೇಳಿ ಫಲವಿಲ್ಲ. ಮೊದಲೇ ಕೇಳಬಹುದು. ಅಭ್ಯರ್ಥಿಗಳ ಹೆಸರು ಹೊರಬಿದ್ದ ವಾರವೇ ನಾವು ನಾಲ್ಕು ಜನ ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಹೋಗುವುದೆಂದು ಮಾತಾಡಿಕೊಂಡಿದ್ದೇವೆ. ‘ಇವರು ಯಾವತ್ತಾದರೂ ಯಾರಿಗಾದರೂ ಇಲ್ಲ ಅಂದಿದ್ದು ಇದೆಯಾ ಸಾರ್?’ ಎಂದು ಕೇಳಬೇಕು. ಆ ನಾಲ್ವರಲ್ಲಿ ಮೂವರು ಈಗಲೂ ಕಲಾಂ ಪರವೇ.